ಮೂವತ್ತು ಮೈಕ್ರಾನ್

ಸೀಫಾದಿಂದ ಬಂದ ಕಲ್ಲು.
ಮಸ್ಕತ್ತಿನಾಚೆ, ಗುಡ್ಡ ಇಳಿದು,
ಮೀನುದೋಣಿಗಳು ಮರಳಿಗೆ ಹೊಟ್ಟೆ ಊರಿ ಮಲಗುವ ಊರು.
ಹಳೇ ಅರಬಿ ಪೇಪರಿನಲ್ಲಿ ಸುತ್ತಿ ತಂದು
ಥುರಯ್ಯಾ ಮೇಡಂ ನನ್ನ ಮೇಜಿನ ಮೇಲಿಟ್ಟರು:
"ಪತ್ತಾರ್, ಗುರುವಾರದೊಳಗೆ."

ಗರಗಸಕ್ಕೆ ನೀರು ಬಿಟ್ಟು ಸೀಳಿದೆ.
ಗೆರೆ. ಬಿಳಿ, ಕಪ್ಪು, ಬಿಳಿ, ಆಮೇಲೆ ದಪ್ಪನೆ ಕಪ್ಪು.
ನಡುವೆ ಕಡಲೆಯಷ್ಟು ಕೆಂಪು,
ಗೋಮೇದಕದ ದಾಯಾದಿ, ಬರೀ ಒಡಕು, ಉಂಗುರಕ್ಕಾಗದ್ದು.
ಗೆರೆಗಳು ಅದನ್ನು ಬಳಸಿ ಹೋಗಿದ್ದವು,
ನೆರೆಮನೆಯ ಜಗಳವನ್ನು ಬಳಸಿ ಹೋಗುವವರ ಹಾಗೆ.

ಅಪ್ಪ ಲಿಂಗಸುಗೂರಿನಲ್ಲಿ ಮೂಸೆಯ ಮುಂದೆ ಕೂತು
ಊದುಗೊಳವೆ ಕೆಳಗಿಟ್ಟು ಹೇಳುತ್ತಿದ್ದ:
"ಕರಗಲಾರದ ಯಾವದೂ ಬ್ಯಾರೆ ಆಗಂಗಿಲ್ಲೊ ತಮ್ಮಾ.
ಬಂಗಾರ ಬಂಗಾರದ ಕಡಿ, ಹೊಲಸು ಹೊಲಸಿನ ಕಡಿ."

ಮೇಡಂ ತಲೆಯಾಡಿಸಿದರು. ಇದು ಬೆಂಕಿಗೆ ನೀರಾದದ್ದೇ ಅಲ್ಲ.
ಮೊದಲು ಕಲಸಿದ ಕೆಸರು, ಮರಳು.
ಮೇಲೆ ಒಂದು ಕಡಲಿನ ತಳವೇ ಹತ್ತಿ ಕೂತಿತು.
ಕಲ್ಲಾಗಿಯೇ ಆಳಕ್ಕೆ ಹೋಯಿತು,
ಕಲ್ಲಾಗಿಯೇ ತಿರುಗಿ ಬಂತು.
ಒತ್ತು ಬಿದ್ದಲ್ಲಿ ಬೆಣಚು ಸಣ್ಣಗೆ ಸವೆದು,
ಕಣ್ಣಿಗೆ ಕಾಣದ ಒಂದು ಪಸೆಯಲ್ಲಿ ಸೇರಿ,
ಒತ್ತು ಕಮ್ಮಿಯಿದ್ದ ಕಡೆ ಹೋಗಿ ಕೂತಿತು.
ಕಾಗೆಬಂಗಾರ ಕದಲಲಿಲ್ಲ,
ಇದ್ದಲ್ಲೇ ಮಗ್ಗುಲು ಬದಲಿಸಿ ಚಪ್ಪಟೆ ಮಲಗಿತು.

"ಚಹಾದಲ್ಲಿ ಸಕ್ಕರೆ ಹೋದ ಹಾಗಾ?" ಅಂದೆ.
"ಹಾಗೇ. ಏನನ್ನುತ್ತೀರಿ ಅದಕ್ಕೆ, ನಿಮ್ಮಲ್ಲಿ?"
ಕರಗುವುದು, ಅಂದೆ.
"ಚಿನ್ನಕ್ಕೆ?"
ಅದಕ್ಕೂ ಅದೇ ಮಾತು.
ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.
ಅಪ್ಪ ಗೆದ್ದನೋ ಸೋತನೋ ತಿಳಿಯಲಿಲ್ಲ.

ಗಾಜಿಗೆ ಅಂಟಿಸಿ ತಿಕ್ಕಿದೆ. ಯಂತ್ರ ಮುಗಿಸಿದ ಮೇಲೆ ಕೈಯಲ್ಲಿ,
ಎಂಟರ ಸುತ್ತಿನಲ್ಲಿ, ಬೆರಳ ತುದಿಯ ಭರವಸೆಯಲ್ಲಿ.
ಮೂವತ್ತು ಮೈಕ್ರಾನ್. ಇನ್ನೆರಡು ಸುತ್ತು ಹೆಚ್ಚಾದರೆ
ಗಾಜು ಮಾತ್ರ ಉಳಿಯುತ್ತದೆ.

ದುರ್ಬೀನಿನ ಕೆಳಗೆ ಬೆಣಚು ಬೂದಿ, ಮೋಡದ ಬೂದಿ.
ಅಪ್ಪ ಒರೆಗಲ್ಲಿಗೂ ಮುಟ್ಟಿಸದೆ ನಕ್ಕು ಎಸೆಯುತ್ತಿದ್ದ ಕಾಗೆಬಂಗಾರ
ನೀಲಿ, ಗುಲಾಬಿ, ಗಿಳಿಹಸಿರು.
ಚಕ್ರ ತಿರುಗಿಸಿದರೆ ಆರುತ್ತದೆ, ಮತ್ತೆ ತಿರುಗಿಸಿದರೆ ಹತ್ತುತ್ತದೆ.
ಹತ್ತು ಸಲವಾದರೂ ತಿರುಗಿಸಿದೆ.

ತೊಳೆಯಲು ತಟ್ಟೆ ಎತ್ತಿದೆ. ತಳದಲ್ಲಿ
ಬಿಳಿ, ಕಪ್ಪು, ಆ ಕೆಂಪು, ತಿಕ್ಕಿದ ಪುಡಿ,
ಎಲ್ಲ ಸೇರಿ ಒಂದೇ ಬಣ್ಣದ ಕೆಸರು.
ಹೊರಗೆ ಕ್ಯಾಂಪಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು.
ನಲ್ಲಿಗೆ ಕೈ ಹೋಗಿತ್ತು,
ತಿರುಗಿಸಿರಲಿಲ್ಲ.