ಮೂರನೆಯ ಡಬ್ಬಿ

ಸೊಹಾರಿನ ಮೀನುಪೇಟೆಯ ಹಿಂದಿನ ಲಾಂಡ್ರಿಯಲ್ಲಿ
ರಾತ್ರಿ ಹನ್ನೊಂದಕ್ಕೆ ಮಷೀನು ನಿಂತ ಮೇಲೆ
ಡ್ರಮ್ಮಿನೊಳಗೆ ಕೈಹಾಕಿ ತಡಕುತ್ತೇನೆ.
ಸಿಕ್ಕೇ ಸಿಗುತ್ತದೆ, ಒಂದೋ ಎರಡೋ:
ಬಂದರಿನವರ ಡಾಂಗ್ರಿಯ ಹಿತ್ತಾಳೆ ಟಿಚ್ಚು,
ಇಂಡಿಯನ್ ಸ್ಕೂಲಿನ ನೀಲಿ,
ಯಾರೋ ನರ್ಸಿನ ಕೋಟಿಂದ ಕಿತ್ತುಬಂದ ಬಿಳಿ, ನಾಲ್ಕು ತೂತಿನದು.
ದಿಶ್ದಾಶಾಗಳಿಂದ ಮಾತ್ರ ಸಿಗುವುದು ಅಪರೂಪ;
ಅವಕ್ಕೆ ಕತ್ತಿನಲ್ಲೊಂದು ಕುಚ್ಚು,
ತೊಳೆದರೂ ಹೋಗದ ಅತ್ತರು.

ಕೇಳಿಕೊಂಡು ಬಂದವರಿಗೆ ಕೊಡುತ್ತೇನೆ.
ಯಾರೂ ಕೇಳದವು ನಿಡೋ ಡಬ್ಬಿಗೆ.
ಒಂಬತ್ತು ವರ್ಷಕ್ಕೆ ಎರಡು ತುಂಬಿ
ಮೂರನೆಯದು ಅರ್ಧ.

ಇಸ್ತ್ರಿ ಮೇಜಿನ ಮೇಲೆ ಹರವಿ ಒಂದು ದಿನ ಫೋಟೋ ತೆಗೆದೆ.
ಚಂದ ಬಂತು.
ಚಂದ ಬಂದದ್ದನ್ನು ಒಬ್ಬನೇ ಎಷ್ಟೆಂದು ನೋಡುವುದು?

ಫೇಸ್‌ಬುಕ್ಕಿನಲ್ಲಿ ಇಡೀ ಬೈಂದೂರು ಇದೆ.
ಅಲ್ಲಿ ನಾನು ಕಂಪೆನಿಯ ಸ್ಟೋರ್‌ಕೀಪರ್ ಶೀನ.
ಗುಂಡಿ ಹಾಕಿದೆನೋ, ಗುಟ್ಟು ಬಿಚ್ಚಿದ ಹಾಗೆ.
"ಅಲ್ಲೂ ಅದೇ ಕೆಲ್ಸವಾ ಮಾರಾಯ?" ಎಂದು
ನಗುಮುಖ ಒತ್ತುತ್ತಾರೆ.
ಅಪ್ಪ ಬಟ್ಟೆಗಂಟು ಹೊತ್ತು ಯಾರ ಹಿಂಬಾಗಿಲಿಗೆ ಹೋಗುತ್ತಿದ್ದನೋ
ಆ ಮನೆಯ ಹುಡುಗರೇ ಮೊದಲು.

ವಾಟ್ಸಾಪ್ ಸ್ಟೇಟಸ್ಸು ಆಗಬಹುದಿತ್ತು,
ಒಂದು ದಿನಕ್ಕೆ ತಾನೇ ಅಳಿಯುತ್ತದೆ.
ಆದರೆ ಅರಬಾಬನ ನಂಬರೂ ಅಲ್ಲಿದೆ.
ಇಷ್ಟು ಗುಂಡಿ ಕಳೆದದ್ದು ನನ್ನ ಲಾಂಡ್ರಿಯಲ್ಲೇ ಏನು
ಎಂದು ಕೇಳಿಬಿಟ್ಟರೆ?

ಇನ್‌ಸ್ಟಾ ಅಂದ ಮೊಯ್ನುಲ್,
ಮೇಲಿನ ಮಂಚದ ಸಿಲ್ಹೆಟ್ಟಿನ ಹುಡುಗ.
ಮುಖ ತೋರಿಸು ಭಾಯ್, ಹಿಂದೊಂದು ಹಾಡು ಹಾಕು,
ಮೂರು ಸೆಕೆಂಡಿನೊಳಗೆ ಏನಾದರೂ ಆಗಬೇಕು.
ಗುಂಡಿಗೆ ಇನ್ನೇನಾಗುತ್ತದೆ?
ಆಗಬೇಕಾದ್ದೆಲ್ಲ ಆಗಿಯೇ ಇಲ್ಲಿಗೆ ಬಂದದ್ದು.
ಆದರೂ ಹಾಕಿದೆ. ಅಪ್ಪ ಅದಕ್ಕೆ ಗುಬ್ಬಿ ಎನ್ನುತ್ತಿದ್ದ,
ಹ್ಯಾಶ್ ಎಳೆದು ಅದನ್ನೇ ಬರೆದೆ.
ಹಕ್ಕಿ ನೋಡುವವರೆಲ್ಲ ಬಂದರು.
ಎಲ್ಲಿ, ಎಲ್ಲಿ ಎಂದು ಹುಡುಕಿದರು.
ಒಬ್ಬರು ಮಾತ್ರ ಬೇಸರಿಸದೆ
"ನಾಲ್ಕು ತೂತಿನ ಮರಿ ಸೊಗಸಾಗಿದೆ" ಎಂದು ಬರೆದು ಹೋದರು.

ಕೌಂಟರಿನ ಮರಿಸೆಲ್ ಹೇಳಿದಳು, ಪಿಂಟರೆಸ್ಟ್ ಅಂತ ಒಂದಿದೆ,
ಅಲ್ಲಿ ಯಾರೂ ಯಾರನ್ನೂ ಊರು ಕೇಳುವುದಿಲ್ಲ.
ಹಲಗೆ ಇರುತ್ತದೆ, ಸೂಜಿ ಚುಚ್ಚು, ಹೋಗು.
ಅವಳ ಹಲಗೆಯ ತುಂಬ ಮದುವೆಯ ಕೇಕುಗಳು.
ಯಾವಾಗ ಎಂದು ನಾನೂ ಕೇಳಲಿಲ್ಲ.

ಚುಚ್ಚಿದೆ, ದಿನಕ್ಕೊಂದು.
ಮಡಿವಾಳ ಎಂದು ಬರೆಯಬೇಕಿಲ್ಲ, ಸ್ಟೋರ್‌ಕೀಪರ್ ಎಂದೂ.
ಯಾವ ದೇಶದವರೋ ನನ್ನ ಹಿತ್ತಾಳೆ ಟಿಚ್ಚನ್ನೆತ್ತಿ
ತಮ್ಮ ಹಲಗೆಗೆ ಹಾಕಿಕೊಂಡರು. ಅದರ ತಲೆಬರಹ
ಮೊಬೈಲೇ ಕನ್ನಡ ಮಾಡಿಕೊಟ್ಟಿತು: ಮುಚ್ಚುವ ವಸ್ತುಗಳು.
ಅಲ್ಲಿ ಚಿಲಕವಿತ್ತು, ಉಪ್ಪಿನಕಾಯಿ ಭರಣಿಯ ಮುಚ್ಚಳ,
ಹಡಗಿನ ಕಿಟಕಿ, ಒಂದು ಮಗುವಿನ ರೆಪ್ಪೆ.
ರೆಪ್ಪೆಯನ್ನು ಎರಡು ಸಲ ನೋಡಿದೆ.

ಹೋದ ವಾರ ಶಿನಾಸಿನ ಮೇಷ್ಟ್ರೊಬ್ಬರು
ಹಳೇ ಕೋಟು ಹಿಡಿದು ಬಂದರು.
ಮೂರನೇ ಡಬ್ಬಿಯ ತಳದಲ್ಲಿತ್ತು. ಹೊಲಿದೇ ಕೊಟ್ಟೆ.
ಹಲಗೆಯಲ್ಲಿ ಅದರ ಪಟ ಇನ್ನೂ ಇದೆ.
ತೆಗೆಯಬೇಕೋ ಏನೋ, ಈಗದು ಅವರದ್ದಲ್ಲವೇ.

ಹಾಗಂತ ಫೇಸ್‌ಬುಕ್ಕು ಬಿಟ್ಟಿಲ್ಲ.
ಈದ್ ರಜೆಗೆ ಕಾರ್ನಿಶ್‌ನಲ್ಲಿ, ಯಾರದ್ದೋ ಲ್ಯಾಂಡ್‌ಕ್ರೂಸರಿಗೆ
ಒರಗಿ ನಿಂತ ಪಟ ಹಾಕಿದೆ.
ನೂರಾ ಹದಿನೆಂಟು ಲೈಕು.
ಕಾರು ನಿಂದಾ, ರೇಟೆಷ್ಟು, ನಂಗೊಂದ್ ವೀಸಾ ಮಾಡ್.
ಅಂಗಿ ನಾನೇ ಇಸ್ತ್ರಿ ಮಾಡಿದ್ದು,
ತೋಳಿನ ಗೆರೆ ಚೂರಿಯ ಹಾಗೆ.
ಯಾರೂ ಆ ಮಾತೆತ್ತಲಿಲ್ಲ.

ನಿನ್ನೆ ತಡರಾತ್ರಿ ಒಂದು ಬಂತು.
ಅಪ್ಪನ ಜೊತೆ ಒಂದೇ ಕಲ್ಲಿಗೆ ಬಟ್ಟೆ ಒಗೆಯುತ್ತಿದ್ದ ಬಚ್ಚಮಾವ,
ಮೊಮ್ಮಗನ ಫೋನಿನಿಂದ:
"ಇಸ್ತ್ರಿ ಯಾರ್ದ್ ಶೀನ? ಕೈ ಗುರ್ತ ಸಿಕ್ತ್."

ಬರೆಯಲು ಹೋದ ಬೆರಳು ಅಲ್ಲೇ ನಿಂತಿದೆ.
ಮಷೀನಿನೊಳಗೆ ಏನೋ ಒಂದು
ಟಣ್ ಟಣ್ ಎಂದು ತಿರುಗುತ್ತಿದೆ.