ಹದಿನೆಂಟರಿಂದ ಇನ್ನೂರು

ಡಾನ್ ಎವಾರಿಸ್ತೊ ಗಾಜಿನ ಪೆಟ್ಟಿಗೆಯ ಬೀಗ ತೆಗೆದು
ಮೂರು ಲೆನ್ಸುಗಳನ್ನು ಹಸಿರು ಬಟ್ಟೆಯ ಮೇಲಿಟ್ಟ,
ವರಪರೀಕ್ಷೆಗೆ ಬಂದವಳ ಮುಂದೆ
ಮೂವರು ಗಂಡುಗಳನ್ನು ಕೂರಿಸಿದ ಹಾಗೆ.
"ಹೇಳಿ ಯಾಸ್ನಾ, ನಿಮಗೆ ಬೇಕಾದ್ದೇನು?"

ನನಗೆ ಬೇಕಾದ್ದು, ಸ್ವಾಮಿ, ಗೋಡೆ ಪೂರ್ತಿ.
ಗೋಡೆಯಲ್ಲಿನ ಕೂದಲೆಳೆಯಷ್ಟು ಬಿರುಕು, ಅದೂ.
ನಾನು ವಿಮೆ ಕಂಪನಿಯವಳು. ನೆಲ ನಡುಗಿದ ಮಾರನೆಯ ದಿನ
ಹೆಲ್ಮೆಟ್ಟು ತೊಟ್ಟು ವಾಲ್ಪರಾಯಿಸೊದ ಗುಡ್ಡ ಹತ್ತುತ್ತೇನೆ,
ತಗಡಿನ ಮನೆಗಳ ನೋವಿಗೆ ಅಂಕಿ ಬರೆಯುತ್ತೇನೆ.
ಹಜಾರದಲ್ಲಿ ಬೆನ್ನು ಗೋಡೆಗೆ ಒತ್ತಿ ನಿಂತರೂ
ಎದುರಿನ ಗೋಡೆ ಚೌಕಟ್ಟಿನೊಳಗೆ ಹಿಡಿಸುವುದಿಲ್ಲ.
ಹೊರಗೆ ಬಂದರೆ ಚಿಮಣಿ. ಏಣಿಯಿಲ್ಲ. ಇದ್ದರೂ ಮನೆಯಾಕೆ ಬಿಡಳು:
"ಬಿದ್ದರೆ ನಿನಗೆ ವಿಮೆ ಯಾರು ಕೊಡ್ತಾರೆ?"
ಲೆನ್ಸು ಬದಲಿಸೋಣವೆಂದರೆ ಕೈ ಎರಡೇ, ಒಂದರಲ್ಲಿ ಅಳತೆಪಟ್ಟಿ.
ಸಾಲದ್ದಕ್ಕೆ ಉದುರುವ ಸುಣ್ಣ. ಕಳೆದ ಸೆಪ್ಟೆಂಬರಿನಲ್ಲಿ
ಒಂದು ಚೂರು ಕ್ಯಾಮೆರಾದ ಹೊಟ್ಟೆ ಸೇರಿ
ನಲವತ್ತು ಮನೆಗಳ ಆಕಾಶದಲ್ಲೂ ಒಂದೇ ಜಾಗದಲ್ಲಿ ಕರಿ ಚುಕ್ಕೆ.
ಮೇಲಿನವರು ಕೇಳಿದರು:
ಇದೇನಮ್ಮ, ಊರಿಗೆಲ್ಲ ಒಂದೇ ಹದ್ದೆ?

ಮೊದಲನೆಯದು ಇಪ್ಪತ್ನಾಲ್ಕರಿಂದ ಎಪ್ಪತ್ತು.
ಬೆಳಕಿಗೆ ದೊಡ್ಡ ಬಾಯಿ, ಬೆಲೆಗೆ ಇನ್ನೂ ದೊಡ್ಡದು.
ಎತ್ತಿದೆ: ಇಡೀ ಕುಂಬಳಕಾಯಿ.
ಬೇಡ ಎಂದಿತು ಕುತ್ತಿಗೆ.
ಎರಡನೆಯದು ಸಾಧು. ದೂರದ್ದು ಕೇಳಿದರೆ ತಲೆ ತಗ್ಗಿಸುತ್ತದೆ.
ಮೂರನೆಯದು ಹದಿನೆಂಟರಿಂದ ಇನ್ನೂರು,
ತಿರುಗಿಸಿದರೆ ಆಮೆಯ ಕತ್ತಿನಂತೆ ಹೊರಬರುತ್ತದೆ,
ನೆಲದ ಕಡೆ ಬಗ್ಗಿಸಿದರೆ ತಾನಾಗಿಯೇ ಜಾರುತ್ತದೆ.
"ಎಲ್ಲ ಮಾಡುತ್ತೆ," ಎಂದ ಎವಾರಿಸ್ತೊ, "ಯಾವುದನ್ನೂ
ಅಚ್ಚುಕಟ್ಟಾಗಿ ಮಾಡೋದಿಲ್ಲ. ನನ್ನ ಭಾವಮೈದುನನ ಹಾಗೆ.
ಅಂಚಿನಲ್ಲಿ ಗೆರೆ ಸೊಟ್ಟ. ಇನ್ನೂರಕ್ಕೆ ಹೋದರೆ ಸ್ವಲ್ಪ ಮಂಜು."
ಸೊಟ್ಟವೇ? ಗೋಡೆ ಎಷ್ಟು ಸೊಟ್ಟಗಾಗಿದೆ ಎಂದು ಹೇಳುವುದೇ ನನ್ನ ಕಸುಬು!
"ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿಕೊಳ್ಳಿ."
ಹಾಗೆ ನೆಟ್ಟಗಾಗುವ ಹಾಗಿದ್ದರೆ, ಸ್ವಾಮಿ,
ನಮ್ಮ ಕಂಪನಿ ಎಂದೋ ಮುಚ್ಚಬೇಕಿತ್ತು.

ಬಾಗಿಲಾಚೆ ನಿಂತು ನೋಡಿ ಎಂದ. ನಿಂತೆ.
ಹದಿನೆಂಟು: ಗುಡ್ಡವಿಡೀ, ಟ್ರಾಲಿ ಬಸ್ಸಿನ ತಂತಿ, ಅರ್ಧ ಬಸ್ಸು,
ಯಾರದೋ ನಾಯಿ, ಎವಾರಿಸ್ತೊನ ಹೆಬ್ಬೆರಳು.
ಐವತ್ತು: ನೀಲಿ, ಸಾಸಿವೆ, ತುಕ್ಕು; ಒಂದರ ಹೆಗಲ ಮೇಲೊಂದು ಮನೆ.
ನೂರೈವತ್ತು: ನಮ್ಮ ತಾರಸಿ, ಹಗ್ಗದ ಮೇಲೆ ನನ್ನ ಹಳದಿ ಟವೆಲು.
ಇನ್ನೂರು: ಅಪ್ಪ.

ಏಪ್ರಿಲಿನಲ್ಲಿ ಎದೆಗೆ ಸ್ಟೆಂಟ್ ಹಾಕಿಸಿಕೊಂಡು
ವೈದ್ಯರ ಮುಂದೆ, ನನ್ನ ಮುಂದೆ, ಕಾರ್ಮೆನ್ ಮಾತೆಯ ಪಟದ ಮುಂದೆ
ಸಿಗರೇಟು ಬಿಟ್ಟೆನೆಂದು ಆಣೆಯಿಟ್ಟ ಹೆರಿಬೆರ್ತೊ
ನೀರಿನ ಟ್ಯಾಂಕಿಗೆ ಒರಗಿ, ಎಡಗೈ ಬಾಯಿಗೊಯ್ದು

ಬಿಳಿ ಎಳೆಯೊಂದು ಮೇಲೆದ್ದಿತು.
ಅಥವಾ ಅದು ಲೆನ್ಸಿನ ಮಂಜು.
ಅಥವಾ ಚಹಾದ ಹಬೆ, ಹನ್ನೊಂದು ಗಂಟೆಗೆ ಕುಡಿಯುತ್ತಾನೆ.
ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ.
ಎದುರು ಗುಡ್ಡದ ಹುಣ್ಣಿಗೆ?
ಉಸಿರು ಬಿಗಿಹಿಡಿದು ಗುಂಡಿ ಒತ್ತಿದೆ, ಪರದೆಯ ಮೇಲೆ ಹಿಗ್ಗಿಸಿದೆ.
ಹಿಗ್ಗಿಸಿದಷ್ಟೂ ಅಪ್ಪ ಚೌಕ ಚೌಕವಾಗಿ ಬಿಡಿಸಿಕೊಂಡ.
ಬೆರಳ ತುದಿಯಲ್ಲಿದ್ದದ್ದು ಕಿಡಿಯೋ, ಬಿಸಿಲೋ
ಹೇಳುವ ತಾಕತ್ತು ಆ ಗಾಜಿಗಿರಲಿಲ್ಲ.

ಎವಾರಿಸ್ತೊ ನನ್ನ ಹೆಗಲ ಮೇಲಿಂದ ಇಣುಕಿ,
"ಹೇಳಲಿಲ್ಲವೇ, ಇನ್ನೂರಕ್ಕೆ ಮೆತ್ತಗಾಗುತ್ತೆ ಅಂತ.
ಒಳಗೆ ಇನ್ನೊಂದಿದೆ, ಬೆಲೆ ಮೂರು ಪಟ್ಟು.
ಅದರಲ್ಲಿ ಹಿಡಿದರೆ ಸಿಗರೇಟಿನ ಮೇಲಿನ ಹೆಸರೇ ಓದಬಹುದು."

ಅಂದರೆ ಅವನಿಗೂ ಕಂಡಿತ್ತು.

ಬೇಡ, ಎಂದೆ. ಇದೇ ಇರಲಿ.
ಬಿರುಕಿಗೆ ಸಾಕು, ಚಿಮಣಿಗೆ ಸಾಕು.
ಮೂರು ಕಂತು. ಒರೆಸುವ ಬಟ್ಟೆ ಬಿಟ್ಟಿ.

ಮೆಟ್ಟಿಲು ಹತ್ತುವಾಗ ಕೊರಳಲ್ಲಿ ಅದು
ಹೆಜ್ಜೆಗೊಮ್ಮೆ ಜಾರಿ ಉದ್ದವಾಗುತ್ತಿತ್ತು,
ಹೆಜ್ಜೆಗೊಮ್ಮೆ ಹಿಂದಕ್ಕೆ ತಳ್ಳುತ್ತಿದ್ದೆ.
ತಾರಸಿಯ ಬಾಗಿಲು ದೂಡುವ ಮುನ್ನ, ಯಾಕೋ,
ಗಟ್ಟಿಯಾಗಿ ಕೆಮ್ಮಿದೆ.