ಎರಡಾಗುವ ಬಂಡಿ

ವಿರಾಜಪೇಟೆ ಬಸ್‌ಸ್ಟ್ಯಾಂಡಿನ ಮೈಕು ಹಿಡಿದು ಇಪ್ಪತ್ತಾರು ವರ್ಷ.
ಗೋಣಿಕೊಪ್ಪ, ಸಿದ್ದಾಪುರ, ಮೂರ್ನಾಡು ಮಾರ್ಗವಾಗಿ ಮಡಿಕೇರಿ:
ನನ್ನ ಗಂಟಲಲ್ಲೇ ಸವೆದು ನುಣುಪಾದ ಹೆಸರುಗಳು.
ಈ ಜಿಲ್ಲೆಯಲ್ಲಿ ಒಂದು ಮೊಳ ಹಳಿಯೂ ಇಲ್ಲ.

ಆದರೂ ದಿನಾ ಮಧ್ಯಾಹ್ನ ಮೂರಕ್ಕೆ
ಮಹಡಿಯ ಕಿಟಕಿಯಿಂದ
ಒಂದು ರೈಲು ಇಳಿದು ಬರುತ್ತದೆ.

ಅಲ್ಲಿ ಫಿಲೋಮಿನಾ ಟೀಚರು ಏಳು ಜನ ನರ್ಸುಗಳಿಗೆ
ಜರ್ಮನ್ ಕಲಿಸುತ್ತಾರೆ. ಕೇಳಿ ಬರೆಯುವ ಪರೀಕ್ಷೆಯಂತೆ.
ಟೇಪಿನೊಳಗಿನ ಒಬ್ಬಳು, ಎಂದೂ ನೆಗಡಿಯಾಗದವಳು,
ರೆಗಿಯೋನಾಲ್ ಎಕ್ಸ್‌ಪ್ರೆಸ್ ಹದಿನೈದು ನಿಮಿಷ ತಡ ಎನ್ನುತ್ತಾಳೆ,
ಕ್ಷಮೆಯನ್ನೂ ಕೇಳುತ್ತಾಳೆ.
ಹದಿನೈದು ನಿಮಿಷಕ್ಕೆ ಕ್ಷಮೆ!
ನಾನು ಕೇಳಹೊರಟರೆ
ಸಂಜೆಯೊಳಗೆ ನಾಲಿಗೆ ಹುಣ್ಣಾದೀತು.

ಮಾಕುಟ್ಟ ಘಾಟಿಯಲ್ಲಿ ಲಾರಿ ಮಗುಚಿದ ದಿನ
ಕಣ್ಣೂರು ಬಸ್ಸು ಇವತ್ತು ಇಲ್ಲ ಎಂದೆ.
ಮೇಲಿಂದ ಏಳು ಕೊರಳು ಒಟ್ಟಿಗೆ: "ಫೆಲ್ಟ್ ಔಸ್!"
ಗಾಡಿ ರದ್ದು ಎಂಬುದಕ್ಕೆ ಅವರ ಮಾತು.
ಮೀನಿನ ಬುಟ್ಟಿಯ ಅಬೂಬಕ್ಕರ್ ತಲೆಯೆತ್ತಿ,
"ಎಂಥದು ಮಾರಾಯ್ರೆ?"

ಗೀಸನ್ ಎಂಬ ಊರಲ್ಲಿ ಬಂಡಿ ಎರಡಾಗುತ್ತದಂತೆ.
ಮುಂದಿನ ಡಬ್ಬಿಗಳು ಕಾಸೆಲ್‌ಗೆ, ಹಿಂದಿನವು ಜೀಗನ್‌ಗೆ.
ಈ ಪಾಠಕ್ಕೆ ಬಂದಾಗ ಎಲ್ಲರೂ ಮುಗ್ಗರಿಸುತ್ತಾರೆ.
ಬೊಳ್ಳಮ್ಮ ಮೆಟ್ಟಿಲಿಳಿದು ನನ್ನ ಕಿಂಡಿಯೆದುರು ನಿಂತಳು:
"ನಾನು ರೈಲೇ ಹತ್ತಿದವಳಲ್ಲ ಸಾರ್.
ಕೂತ ಡಬ್ಬಿ ಯಾವ ಊರಿನದು ಅಂತ ಹೇಗೆ ತಿಳಿಯೋದು?"

ನನಗೇನು ಗೊತ್ತು?
ಒಮ್ಮೆ ಮೈಸೂರಲ್ಲಿ ಹತ್ತಿ, ಅರಸೀಕೆರೆಯವರೆಗೆ ನಿದ್ದೆ ಹೊಡೆದವನು.

ಮರುದಿನ ಊಟದ ಬಿಡುವಿನಲ್ಲಿ
ಮಡಿಕೇರಿ ಬಸ್ಸಿನ ಬೆನ್ನಿಗೆ ನಾಪೋಕ್ಲು ಬಸ್ಸಿನ ಮೂಗು
ಇನ್ನೇನು ತಾಗಬೇಕು, ಹಾಗೆ ನಿಲ್ಲಿಸಿದೆ.
ಡ್ರೈವರ್ ಮೊಣ್ಣಪ್ಪ ಹಾರನ್ ಬಿಟ್ಟು ಬಾಯಲ್ಲೇ ಕೂ ಎಂದ.
"ಇದು ಗೀಸನ್," ಮೈಕಿನಲ್ಲಿ ಸಾರಿದೆ,
"ಬಂಡಿ ಇಲ್ಲಿ ಎರಡಾಗುತ್ತದೆ."
ಹುಡುಗಿಯರು ಹತ್ತಿದರು, ಇಳಿದರು, ಬೋರ್ಡು ಓದಿದರು,
ಬ್ಯಾಗು ಒಂದರಲ್ಲಿ, ತಾವು ಇನ್ನೊಂದರಲ್ಲಿ.
ಬೆಳ್ಳುಳ್ಳಿ ಚೀಲದ ಅಜ್ಜಿಯೊಬ್ಬರು ಬಾಗಿಲ ಸರಳು ಹಿಡಿದು
"ಇದು ಜೀಗನ್‌ಗೆ ಹೋಗೋದಾ?" ಎಂದರು.
ನಾಪೋಕ್ಲಿಗೆ ಅಜ್ಜಿ, ಹತ್ತಿ.

ಎರಡು ಐವತ್ತಕ್ಕೆ ಸೀಟಿ ಊದಿದೆ.
ಬಸ್ಸುಗಳ ನಡುವೆ ಮೊದಲು ಒಂದು ಗೇಣು ಬೆಳಕು,
ಆಮೇಲೆ ಇಡೀ ರಸ್ತೆ.
ಎಣಿಸಿದರೆ ಆರೇ ಜನ.

ಐದಕ್ಕೆ ಮುಂಚೆ, ಕಡಂಗದಿಂದ ವಾಪಸು,
ರುಕಿಯಾ ಇಳಿದಳು. ಕೈಯಲ್ಲಿ ಸೊನ್ನೆ ರೂಪಾಯಿಯ ಎರಡು ಟಿಕೆಟ್ಟು.
"ಹಿಂದಿನ ಡಬ್ಬಿ," ಎಂದಷ್ಟೇ ಹೇಳಿ
ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದಳು.

ನನ್ನ ರಿಜಿಸ್ಟರಿನಲ್ಲಿ ತಡಕ್ಕೆ ಕಾಲಂ ಇದೆ, ರದ್ದಿಗೂ ಇದೆ.
ಎರಡಾದದ್ದಕ್ಕೆ ಇಲ್ಲ.
ಷರಾ ಎಂಬಲ್ಲಿ ಬರೆದೆ:
ಒಬ್ಬಳು ಹೋಗಿ ಬಂದಳು.